ಕರಾರಿನ ಸಾಲುಗಳಲ್ಲಿ ಕಟ್ಟಿದ ಏಕಸ್ವಾಮ್ಯ

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಉದ್ಯಮದ ಏಕಸ್ವಾಮ್ಯದ ಬಗ್ಗೆ ಮಾತು ಶುರುವಾದರೆ ಅದು ಬೇಗ ಗಾತ್ರದ ಜಗಳವಾಗಿಬಿಡುತ್ತದೆ. "ಆ ಕಂಪನಿ ಅತಿಯಾಗಿ ಬೆಳೆದಿದೆ, ಒಡೆದು ಹಾಕಬೇಕು" ಅಂತ ಒಬ್ಬರು. "ಒಳ್ಳೆಯ ವಸ್ತು ಮಾಡಿದರು, ಜನ ಕೊಂಡರು, ಇದರಲ್ಲಿ ತಪ್ಪೇನು?" ಅಂತ ಇನ್ನೊಬ್ಬರು. ಎರಡನೆಯವರ ಮಾತಿನಲ್ಲಿ ಹುರುಳಿದೆ. ಅಮೆರಿಕದ 1890ರ ಷರ್ಮನ್ ಕಾಯ್ದೆ ದೊಡ್ಡದಾಗಿ ಬೆಳೆದದ್ದಕ್ಕೇ ಯಾರನ್ನೂ ಶಿಕ್ಷಿಸುವುದಿಲ್ಲ. ಒಳ್ಳೆಯ ವಸ್ತು ಮಾಡಿ, ಕಷ್ಟಪಟ್ಟು ಮಾರಿ, ಮಾರುಕಟ್ಟೆಯ ನೂರಕ್ಕೆ ತೊಂಬತ್ತು ಪಾಲು ಹಿಡಿದರೆ ಅದು ಅಪರಾಧವಲ್ಲ. ಆ ಪಾಲನ್ನು ಉಳಿಸಿಕೊಳ್ಳಲು ಬೇರೆಯವರು ಒಳಗೆ ಬರುವ ದಾರಿಗೆ ಅಡ್ಡ ಹಾಕಿದರೆ ಅಪರಾಧ.

ಹಾಗಾಗಿ ನಾನು ಇವತ್ತು ಕರಾರುಗಳ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ. ಬಾಡಿಗೆ ಕರಾರು, ಲೈಸೆನ್ಸ್ ಕರಾರು, ರಿಯಾಯಿತಿ ಕರಾರು. ಓದಲು ಬೇಸರ ತರಿಸುವ ಕಾಗದಗಳು, ನಿಜ. ಆದರೆ ಈ ಉದ್ಯಮದಲ್ಲಿ ಯಾರು ಉಳಿಯಬೇಕು, ಯಾರು ಬಾಗಿಲು ಮುಚ್ಚಬೇಕು ಅನ್ನುವುದು ಎಷ್ಟೋ ಸಲ ತೀರ್ಮಾನವಾಗಿರುವುದು ಅಂಥ ಕಾಗದಗಳ ಒಂದೆರಡು ಸಾಲಿನಲ್ಲಿ.

ಇದಕ್ಕೆ ಕಾರಣವಿದೆ. ಕಂಪ್ಯೂಟರ್ ಯಾವತ್ತೂ ಒಂಟಿ ವಸ್ತುವಲ್ಲ. ಚಿಪ್ ಒಬ್ಬರದು, ಬೋರ್ಡ್ ಇನ್ನೊಬ್ಬರದು, ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರ್ ಆದ ಆಪರೇಟಿಂಗ್ ಸಿಸ್ಟಂ ಮತ್ತೊಬ್ಬರದು, ಅದರ ಮೇಲೆ ಓಡುವ ಪ್ರೋಗ್ರಾಂಗಳು ಸಾವಿರಾರು ಜನರದ್ದು. ಇವೆಲ್ಲ ಒಂದಕ್ಕೊಂದು ಸೇರುವ ಜಾಗಗಳಿವೆ. ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮನ್ನು ಕರೆಯುವ ಜಾಗ, ಪ್ರಿಂಟರ್ ಕಂಪ್ಯೂಟರ್‌ಗೆ ಸೇರುವ ಜಾಗ, ಒಂದು ಯಂತ್ರ ಇನ್ನೊಂದು ಯಂತ್ರದಿಂದ ಫೈಲ್ ತರಿಸಿಕೊಳ್ಳುವ ಜಾಗ. ಆ ಸೇರುವ ಜಾಗ ಯಾರ ಕೈಯಲ್ಲಿದೆಯೋ ಅವರಿಗೆ ಉಳಿದವರೆಲ್ಲರ ಮೇಲೆ ಹಿಡಿತ ಸಿಗುತ್ತದೆ. ಒಳ್ಳೆಯ ಪ್ರತಿಸ್ಪರ್ಧಿ ಬಂದರೆ ಅವನಿಗಿಂತ ಒಳ್ಳೆಯದನ್ನು ಮಾಡುವ ಕಷ್ಟವೇ ಬೇಡ. ಅವನ ವಸ್ತು ಸೇರದಂತೆ ನೋಡಿಕೊಂಡರೆ ಸಾಕು.

ಇದು ಎಲೆಕ್ಟ್ರಾನಿಕ್ ಕಂಪ್ಯೂಟರ್‌ಗಿಂತಲೂ ಹಳೆಯ ಕಥೆ. 1930ರ ದಶಕದಲ್ಲಿ ಲೆಕ್ಕಪತ್ರದ ಕೆಲಸ ನಡೆಯುತ್ತಿದ್ದದ್ದು ತೂತು ಹೊಡೆದ ಕಾರ್ಡ್‌ಗಳ ಮೇಲೆ. ಆ ಕಾರ್ಡ್‌ಗಳನ್ನು ಓದುವ ಯಂತ್ರಗಳನ್ನು ಅಮೆರಿಕದ ಐಬಿಎಂ ಕಂಪನಿ ಮಾರುತ್ತಿರಲಿಲ್ಲ, ಬಾಡಿಗೆಗೆ ಮಾತ್ರ ಕೊಡುತ್ತಿತ್ತು. ಬಾಡಿಗೆ ಕರಾರಿನಲ್ಲಿ ಒಂದು ಶರತ್ತು: ಈ ಯಂತ್ರದಲ್ಲಿ ಐಬಿಎಂ ಮಾಡಿದ ಕಾರ್ಡ್‌ಗಳನ್ನೇ ಬಳಸಬೇಕು, ಬೇರೆಯವರ ಕಾರ್ಡ್ ಹಾಕಿದರೆ ಕರಾರು ರದ್ದು. ಕಾರ್ಡ್ ಅಂದರೆ ಏನು? ದಪ್ಪ ಕಾಗದ. ಯಾರು ಬೇಕಾದರೂ ಮಾಡಬಹುದಾದ ವಸ್ತು. ಸರ್ಕಾರ ಕೇಸ್ ಹಾಕಿತು. ಕಾಗದದ ಗುಣಮಟ್ಟ ಸರಿಯಿಲ್ಲದಿದ್ದರೆ ಲೆಕ್ಕ ತಪ್ಪುತ್ತದೆ, ಕೆಟ್ಟ ಹೆಸರು ನಮಗೆ ಬರುತ್ತದೆ ಅಂತ ಐಬಿಎಂ ವಾದಿಸಿತು. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಆದರೆ ಒಂದು ಸಂಗತಿ ಈ ವಾದವನ್ನು ಬೀಳಿಸಿತು. ಅಮೆರಿಕ ಸರ್ಕಾರದ ಜೊತೆಗಿನ ಕರಾರಿನಲ್ಲಿ ಮಾತ್ರ ಐಬಿಎಂ ಬೇರೆ ದಾರಿ ಇಟ್ಟಿತ್ತು. ಶೇಕಡ 15ರಷ್ಟು ಹೆಚ್ಚು ಬಾಡಿಗೆ ಕೊಟ್ಟರೆ ಸರ್ಕಾರ ತನ್ನ ಕಾರ್ಡ್‌ಗಳನ್ನು ತಾನೇ ಮಾಡಿಕೊಳ್ಳಬಹುದಿತ್ತು. ಸರ್ಕಾರ ಹಾಗೆ ಮಾಡಿಕೊಂಡ ಕಾರ್ಡ್‌ಗಳು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು. 1936ರಲ್ಲಿ ಸುಪ್ರೀಂ ಕೋರ್ಟ್ ಆ ಶರತ್ತು ಕಾನೂನಿಗೆ ವಿರುದ್ಧ ಅಂದಿತು. ಆಗ ದೇಶದ ಕಾರ್ಡ್ ಮಾರಾಟದಲ್ಲಿ ಐಬಿಎಂ ಪಾಲು ಶೇಕಡ 81.

ಈ ಕೇಸನ್ನು ಮೊದಲೇ ಹೇಳಿದ್ದು ಯಾಕೆಂದರೆ, "ಗುಣಮಟ್ಟಕ್ಕಾಗಿ", "ನಿಮ್ಮ ಸುರಕ್ಷತೆಗಾಗಿ" ಅನ್ನುವ ಅದೇ ವಾದವನ್ನು ಇವತ್ತೂ ಪ್ರಿಂಟರ್ ಕಾರ್ಟ್ರಿಜ್‌ನಿಂದ ಹಿಡಿದು ಆ್ಯಪ್ ಸ್ಟೋರ್‌ವರೆಗೆ ಎಲ್ಲ ಕಡೆ ಕೇಳುತ್ತೇವೆ. ಕೆಲವೊಮ್ಮೆ ಅದು ನಿಜವೂ ಹೌದು. ನಿಜವೋ ಅಲ್ಲವೋ ಅಂತ ತಿಳಿಯಲು 1936ರ ನ್ಯಾಯಮೂರ್ತಿಗಳು ಮಾಡಿದ್ದನ್ನೇ ಮಾಡಬೇಕು. ಬೇರೆಯವರಿಗೆ ಅವಕಾಶ ಸಿಕ್ಕ ಒಂದು ಕಡೆಯಾದರೂ ಇದೆಯಾ, ಅಲ್ಲಿ ನಿಜಕ್ಕೂ ತೊಂದರೆ ಆಯಿತಾ ಅಂತ ನೋಡಬೇಕು.

ಮುಂದೆ 1956ರಲ್ಲಿ ಒಂದೇ ಜನವರಿ ತಿಂಗಳಲ್ಲಿ ಎರಡು ಒಪ್ಪಂದಗಳಾದವು. ಐಬಿಎಂ ತನ್ನ ಯಂತ್ರಗಳನ್ನು ಬಾಡಿಗೆಗೆ ಕೊಡುವುದರ ಜೊತೆಗೆ ಮಾರಲೂ ಬೇಕು ಅಂತ ಒಂದು. ಟೆಲಿಫೋನ್ ಕಂಪನಿ ಎಟಿ ಆ್ಯಂಡ್ ಟಿ ತನ್ನ ಹಳೆಯ ಪೇಟೆಂಟ್‌ಗಳನ್ನು ಬೇರೆಯವರಿಗೆ ತೆರೆದಿಡಬೇಕು, ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರಕ್ಕೆ ಕೈ ಹಾಕಬಾರದು ಅಂತ ಇನ್ನೊಂದು. ಎರಡನೆಯದರ ಫಲ ಈ ಉದ್ಯಮದ ಉದ್ದಕ್ಕೂ ಹರಡಿದೆ. ಟ್ರಾನ್ಸಿಸ್ಟರ್ ಹುಟ್ಟಿದ್ದು ಎಟಿ ಆ್ಯಂಡ್ ಟಿಯ ಬೆಲ್ ಲ್ಯಾಬ್ಸ್‌ನಲ್ಲಿ. ಅಲ್ಲಿಯೇ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹುಟ್ಟಿದಾಗ ಅದನ್ನು ವ್ಯಾಪಾರಕ್ಕೆ ಇಳಿಸುವ ಹಾಗಿರಲಿಲ್ಲ. ಹಾಗಾಗಿ ಕಡಿಮೆ ಶುಲ್ಕಕ್ಕೆ ಮೂಲ ಕೋಡ್ ಸಮೇತ ವಿಶ್ವವಿದ್ಯಾಲಯಗಳಿಗೆ ಹೋಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಹುಡುಗರು ಅದನ್ನು ಬಿಚ್ಚಿ, ಓದಿ, ತಿದ್ದಿದರು. ಇಂಟರ್‌ನೆಟ್ ಬೆಳೆದ ನೆಲದಲ್ಲಿ ದೊಡ್ಡ ಭಾಗ ಆ ಕೆಲಸದ್ದು. ಸ್ಪರ್ಧಾ ಕಾನೂನು ಹೊಸ ಶೋಧನೆಗೆ ಅಡ್ಡಿ ಅಂತ ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಈ ಒಪ್ಪಂದ.

ಐಬಿಎಂ ವಿಷಯಕ್ಕೆ ವಾಪಸ್ ಬರೋಣ. 1964ರಲ್ಲಿ ಅದು ಸಿಸ್ಟಂ/360 ಅನ್ನುವ ಯಂತ್ರಗಳ ಕುಟುಂಬವನ್ನು ತಂದಿತು. ಒಂದರಲ್ಲಿ ಬರೆದ ಪ್ರೋಗ್ರಾಂ ಇನ್ನೊಂದರಲ್ಲೂ ಓಡುತ್ತಿತ್ತು. ಅದ್ಭುತ ಎಂಜಿನಿಯರಿಂಗ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೇರುವ ಜಾಗ ಒಂದೇ ರೀತಿ ಇದ್ದ ಮೇಲೆ ಬೇರೆಯವರಿಗೂ ಅವಕಾಶ ಸಿಕ್ಕಿತು. ಟೆಲೆಕ್ಸ್, ಮೆಮೊರೆಕ್ಸ್ ಥರದ ಕಂಪನಿಗಳು ಐಬಿಎಂ ಯಂತ್ರಕ್ಕೆ ನೇರವಾಗಿ ಸಿಗಿಸಬಹುದಾದ ಟೇಪ್ ಡ್ರೈವ್, ಡಿಸ್ಕ್ ಡ್ರೈವ್‌ಗಳನ್ನು ಕಡಿಮೆ ಬೆಲೆಗೆ ಮಾಡತೊಡಗಿದವು. ಐಬಿಎಂ 1971ರಲ್ಲಿ ಹೊಸ ಬಾಡಿಗೆ ಯೋಜನೆ ತಂದಿತು. ಟೇಪ್, ಡಿಸ್ಕ್‌ಗಳನ್ನು ಒಂದೆರಡು ವರ್ಷಕ್ಕೆ ಬಾಡಿಗೆಗೆ ಪಡೆಯುತ್ತೇವೆ ಅಂತ ಬರೆದುಕೊಟ್ಟರೆ ರಿಯಾಯಿತಿ, ಮಧ್ಯದಲ್ಲಿ ಬಿಟ್ಟರೆ ದಂಡ. ಪೈಪೋಟಿ ಇರುವ ಟೇಪ್, ಡಿಸ್ಕ್‌ಗೆ ಬೆಲೆ ಇಳಿಕೆ, ಪೈಪೋಟಿ ಇಲ್ಲದ ಮುಖ್ಯ ಯಂತ್ರಕ್ಕೆ ಬೆಲೆ ಏರಿಕೆ. ಟೆಲೆಕ್ಸ್ ಕೋರ್ಟಿಗೆ ಹೋಗಿ 1973ರಲ್ಲಿ ಗೆದ್ದಿತು, 1975ರಲ್ಲಿ ಮೇಲ್ಮನವಿಯಲ್ಲಿ ಸೋತಿತು. ಪೈಪೋಟಿಗೆ ಉತ್ತರವಾಗಿ ಬೆಲೆ ಇಳಿಸುವುದು ಸಹಜ ಅಂದಿತು ಮೇಲಿನ ಕೋರ್ಟ್. ಎಲ್ಲಿ ಪೈಪೋಟಿ ಮುಗಿದು ಅಡ್ಡಗಾಲು ಶುರುವಾಗುತ್ತದೆ ಅಂತ ಗೆರೆ ಎಳೆಯುವುದು ಅಷ್ಟು ಸುಲಭವಲ್ಲ.

ಅಮೆರಿಕ ಸರ್ಕಾರವೂ 1969ರ ಜನವರಿಯಲ್ಲಿ ಐಬಿಎಂ ಮೇಲೆ ಕೇಸ್ ಹಾಕಿತ್ತು. ಅದು ನಡೆದದ್ದು 13 ವರ್ಷ. 1982ರ ಜನವರಿಯಲ್ಲಿ, ಈ ಕೇಸಿನಲ್ಲಿ ಹುರುಳಿಲ್ಲ ಅಂತ ಸರ್ಕಾರವೇ ಕೈಬಿಟ್ಟಿತು. ಸರಿ, ಎಲ್ಲ ವ್ಯರ್ಥವಾಯಿತಾ? ನನಗೆ ಹಾಗನ್ನಿಸುವುದಿಲ್ಲ. ಕೇಸ್ ಬಿದ್ದ ಅದೇ 1969ರ ಜೂನ್‌ನಲ್ಲಿ ಐಬಿಎಂ ಒಂದು ಘೋಷಣೆ ಮಾಡಿತು. ಅಲ್ಲಿಯವರೆಗೆ ಸಾಫ್ಟ್‌ವೇರ್ ಯಂತ್ರದ ಜೊತೆಗೇ ಬರುತ್ತಿತ್ತು, ಅದಕ್ಕೆ ಬೇರೆ ಬೆಲೆಯೇ ಇರಲಿಲ್ಲ. ಇನ್ನು ಮೇಲೆ ಬೇರೆ ಬೆಲೆ ಅಂದಿತು ಐಬಿಎಂ. ಇದು ಚಿಕ್ಕ ಬದಲಾವಣೆಯಲ್ಲ. ಯಂತ್ರದ ಜೊತೆ ಪುಕ್ಕಟೆ ಸಿಗುವ ವಸ್ತುವನ್ನು ಇನ್ನೊಬ್ಬರು ಮಾಡಿ ಮಾರಿ ಹೊಟ್ಟೆ ಹೊರೆಯುವುದು ಹೇಗೆ? ಬೇರೆ ಬೆಲೆ ಬಂದ ಮೇಲೆ ಸಾಫ್ಟ್‌ವೇರ್‌ಗೆ ತನ್ನದೇ ಮಾರುಕಟ್ಟೆ ಬೆಳೆಯಲು ಜಾಗ ಸಿಕ್ಕಿತು. ಕೇಸಿನ ಭಯ ಎಷ್ಟು, ವ್ಯಾಪಾರದ ಲೆಕ್ಕ ಎಷ್ಟು ಅಂತ ಇತಿಹಾಸಕಾರರು ವಾದಿಸುತ್ತಾರೆ. ಭಯಕ್ಕೂ ಅದರಲ್ಲಿ ಪಾಲಿತ್ತು ಅನ್ನುವುದು ನನ್ನ ಅಭಿಪ್ರಾಯ.

ಆ ಜಾಗದಲ್ಲಿ ಬೆಳೆದ ಕಂಪನಿಗಳಲ್ಲೇ ದೊಡ್ಡದು ಮೈಕ್ರೋಸಾಫ್ಟ್. ಮುಂದೆ ತನ್ನ ನಂತರ ಬರುವವರ ದಾರಿಗೆ ಅತಿ ಬಿಗಿಯಾಗಿ ಅಡ್ಡ ಕಟ್ಟಿದ್ದೂ ಅದೇ. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಆಪರೇಟಿಂಗ್ ಸಿಸ್ಟಮನ್ನು ಬೇರೆ ತಯಾರಕರಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ಉಳಿಸಿಕೊಂಡಿತ್ತು. ಕಾಂಪ್ಯಾಕ್ ಮತ್ತಿತರರು ಐಬಿಎಂ ಪಿಸಿಗೆ ಹೊಂದುವ ಯಂತ್ರಗಳನ್ನು ಮಾಡಿದಾಗ ಎಲ್ಲದರಲ್ಲೂ ಮೈಕ್ರೋಸಾಫ್ಟ್‌ನ ಆ ಆಪರೇಟಿಂಗ್ ಸಿಸ್ಟಂ, ಅಂದರೆ ಎಂಎಸ್-ಡಾಸ್, ಕೂತಿತು. ಅದಕ್ಕೆ ಎದುರಾಗಿ ಡಿಜಿಟಲ್ ರಿಸರ್ಚ್ ಅನ್ನುವ ಕಂಪನಿ ಡಿಆರ್-ಡಾಸ್ ತಂದಿತು. ಎಂಎಸ್-ಡಾಸ್‌ನ ಪ್ರೋಗ್ರಾಂಗಳು ಅದರಲ್ಲೂ ಓಡುತ್ತಿದ್ದವು. ಮೆಮೊರಿ ಬಳಕೆಯಂಥ ಕೆಲವು ವಿಷಯಗಳಲ್ಲಿ ಅದು ಮುಂದಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಮೈಕ್ರೋಸಾಫ್ಟ್ ತಯಾರಕರಿಗೆ ಕೊಡುತ್ತಿದ್ದ ಲೈಸೆನ್ಸ್‌ನಲ್ಲಿ ಶುಲ್ಕ ಲೆಕ್ಕ ಹಾಕುವ ಒಂದು ವಿಧಾನವಿತ್ತು. ಎಷ್ಟು ಯಂತ್ರಗಳಲ್ಲಿ ಎಂಎಸ್-ಡಾಸ್ ಹಾಕಿದ್ದೀರಿ ಅಂತ ಲೆಕ್ಕವಲ್ಲ. ಕರಾರಿನಲ್ಲಿ ಹೆಸರಿಸಿದ ಪ್ರೊಸೆಸರ್ ಇರುವ ಎಷ್ಟು ಯಂತ್ರ ಮಾರಿದ್ದೀರಿ ಅಂತ ಲೆಕ್ಕ. ನೀವು ತಯಾರಕರು ಅಂತ ಇಟ್ಟುಕೊಳ್ಳಿ. ಒಂದು ಯಂತ್ರದಲ್ಲಿ ಡಿಆರ್-ಡಾಸ್ ಹಾಕಿ ಮಾರುತ್ತೀರಿ. ಅದಕ್ಕೆ ಡಿಜಿಟಲ್ ರಿಸರ್ಚ್‌ಗೆ ದುಡ್ಡು ಕೊಡಬೇಕು. ಆ ಯಂತ್ರದಲ್ಲಿ ಎಂಎಸ್-ಡಾಸ್ ಇಲ್ಲದಿದ್ದರೂ ಮೈಕ್ರೋಸಾಫ್ಟ್‌ಗೂ ದುಡ್ಡು ಕಟ್ಟಬೇಕು. ಅಂದರೆ ಡಿಆರ್-ಡಾಸ್ ಬೆಲೆ ಎಷ್ಟೇ ಕಡಿಮೆ ಇರಲಿ, ಅದು ಮೇಲಿನ ಖರ್ಚೇ. ಎಂಎಸ್-ಡಾಸ್ ಮಾತ್ರ ಆಗಲೇ ದುಡ್ಡು ಕಟ್ಟಿಯಾಗಿರುವ ವಸ್ತು. ಯಾವ ತಯಾರಕ ಎರಡು ಸಲ ಕಟ್ಟುತ್ತಾನೆ? ಇಲ್ಲಿ ಯಾರೂ ಡಿಆರ್-ಡಾಸನ್ನು ನಿಷೇಧಿಸಿಲ್ಲ. ಬೆದರಿಕೆ ಪತ್ರವಿಲ್ಲ. ಲೆಕ್ಕ ಹಾಕುವ ವಿಧಾನ ಅಷ್ಟೇ. 1994ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಈ ಪದ್ಧತಿಯನ್ನು ಒಪ್ಪಂದದ ಮೂಲಕ ನಿಲ್ಲಿಸಿತು. ಅಷ್ಟರಲ್ಲಿ ಡಾಸ್‌ನ ಕಾಲವೇ ಮುಗಿಯುತ್ತ ಬಂದಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ.

ಡಿಆರ್-ಡಾಸ್‌ಗೆ ಬಿದ್ದ ಇನ್ನೊಂದು ಪೆಟ್ಟು ಕೋಡ್‌ನಲ್ಲೇ ಇತ್ತು. ಆಗ ವಿಂಡೋಸ್ ಡಾಸ್‌ನ ಮೇಲೆ ಓಡುವ ಪದರವಾಗಿತ್ತು. ವಿಂಡೋಸ್ 3.1ರ ಪರೀಕ್ಷಾ ಆವೃತ್ತಿಯೊಂದನ್ನು ಡಿಆರ್-ಡಾಸ್ ಮೇಲೆ ಶುರು ಮಾಡಿದರೆ ತೆರೆಯ ಮೇಲೆ ಒಂದು ತಪ್ಪಿನ ಸಂದೇಶ ಬರುತ್ತಿತ್ತು. ಒಂದು ಸಂಖ್ಯೆ, ಜೊತೆಗೆ ಸಹಾಯ ವಿಭಾಗವನ್ನು ಸಂಪರ್ಕಿಸಿ ಅನ್ನುವ ಸೂಚನೆ. ಏನು ತಪ್ಪಾಗಿದೆ ಅಂತ ಹೇಳುತ್ತಿರಲಿಲ್ಲ. ಮುಂದುವರಿಸಿದರೆ ವಿಂಡೋಸ್ ಓಡುತ್ತಿತ್ತು. ಆ ಸಂದೇಶದ ಹಿಂದಿನ ಕೋಡನ್ನು ಪ್ರೋಗ್ರಾಮರ್‌ಗಳು ಬಿಚ್ಚಿ ನೋಡಿದರು. ಆ್ಯಂಡ್ರೂ ಶುಲ್ಮನ್ 1993ರಲ್ಲಿ ಅದರ ಬಗ್ಗೆ ವಿವರವಾಗಿ ಬರೆದರು. ಉಳಿದ ವಿಂಡೋಸ್ ಕೋಡ್‌ನಂತೆ ಅದು ಓದಲು ಸಿಗುವಂತಿರಲಿಲ್ಲ. ಗುಟ್ಟಾಗಿ ಸಂಕೇತ ರೂಪದಲ್ಲಿ ಇಟ್ಟಿದ್ದರು. ಕೋಡನ್ನು ಹಂತ ಹಂತವಾಗಿ ಪರೀಕ್ಷಿಸುವ ಸಾಧನವಾದ ಡೀಬಗ್ಗರ್‌ನಿಂದ ನೋಡಲು ಹೋದರೆ ತಪ್ಪಿಸಿಕೊಳ್ಳುವ ಉಪಾಯವೂ ಇತ್ತು. ಅದರ ಕೆಲಸ ಒಂದೇ: ಕೆಳಗಿರುವುದು ಮೈಕ್ರೋಸಾಫ್ಟ್‌ನ ಡಾಸ್ ಹೌದೋ ಅಲ್ಲವೋ ಅಂತ ನೋಡುವುದು. ಮಾರುಕಟ್ಟೆಗೆ ಬಂದ ಅಂತಿಮ ವಿಂಡೋಸ್ 3.1ರಲ್ಲೂ ಆ ಕೋಡ್ ಇತ್ತು, ಸಂದೇಶ ತೋರಿಸದಂತೆ ಮಾತ್ರ ಸುಮ್ಮನಾಗಿಸಿದ್ದರು. ಡಿಆರ್-ಡಾಸ್‌ನ ಹಕ್ಕುಗಳನ್ನು ಕೊಂಡ ಕಾಲ್ಡೆರಾ ಕಂಪನಿ 1996ರಲ್ಲಿ ದಾವೆ ಹೂಡಿತು. 2000ದ ಜನವರಿಯಲ್ಲಿ ಮೈಕ್ರೋಸಾಫ್ಟ್ ದುಡ್ಡು ಕೊಟ್ಟು ರಾಜಿ ಮಾಡಿಕೊಂಡಿತು. ಆ ಮೊತ್ತ 28 ಕೋಟಿ ಡಾಲರ್ ಅಂತ ಹೊರಬಿದ್ದದ್ದು ಎಷ್ಟೋ ವರ್ಷಗಳ ನಂತರ.

ಸಂದೇಶ ಒಂದೇ ಒಂದು ಪರೀಕ್ಷಾ ಆವೃತ್ತಿಯಲ್ಲಿ ತಾನೇ ಬಂದದ್ದು, ಅದಕ್ಕೇಕೆ ಇಷ್ಟು ಗಲಾಟೆ ಅಂತ ನೀವು ಕೇಳಬಹುದು. ಪರೀಕ್ಷಾ ಆವೃತ್ತಿಯನ್ನು ಬಳಸುವವರು ಯಾರು ಅಂತ ಯೋಚಿಸಿ. ಪತ್ರಿಕೆಗೆ ವಿಮರ್ಶೆ ಬರೆಯುವವರು, ದೊಡ್ಡ ಸಂಸ್ಥೆಗಳಲ್ಲಿ ಯಾವುದನ್ನು ಕೊಳ್ಳಬೇಕು ಅಂತ ತೀರ್ಮಾನಿಸುವವರು, ಪ್ರೋಗ್ರಾಂ ಬರೆಯುವವರು. ಅವರ ಮನಸ್ಸಿನಲ್ಲಿ "ಡಿಆರ್-ಡಾಸ್ ಸರಿಯಾಗಿ ಕೂರುವುದಿಲ್ಲವಂತೆ" ಅನ್ನುವ ಒಂದು ಅನುಮಾನ ಬಿತ್ತಿದರೆ ಸಾಕು.

ಇನ್ನು ಬೆದರಿಕೆಯ ವಿಷಯ. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾಯಿತು. ಐಬಿಎಂ ಆಗ ದೊಡ್ಡ ಪಿಸಿ ತಯಾರಕ. ಅದರ ಬಳಿ ಓಎಸ್/2 ಅನ್ನುವ ಸ್ವಂತ ಆಪರೇಟಿಂಗ್ ಸಿಸ್ಟಂ ಇತ್ತು, ಕಚೇರಿ ಕೆಲಸಕ್ಕೆ ಬೇಕಾದ ಲೋಟಸ್‌ನ ಸ್ಮಾರ್ಟ್‌ಸೂಟ್ ಸಾಫ್ಟ್‌ವೇರ್ ಕೂಡ ಇತ್ತು. ಇವುಗಳಿಗೆ ಪ್ರಚಾರ ಕೊಡುವುದನ್ನು ನಿಲ್ಲಿಸಲು ಐಬಿಎಂ ಒಪ್ಪಲಿಲ್ಲ. ಉಳಿದ ತಯಾರಕರಿಗೆಲ್ಲ ವಿಂಡೋಸ್ 95 ಲೈಸೆನ್ಸ್ ಸಿಕ್ಕಿತ್ತು. ಐಬಿಎಂಗೆ ಸಿಕ್ಕಿದ್ದು ಬಿಡುಗಡೆ ಸಮಾರಂಭ ಶುರುವಾಗುವುದಕ್ಕೆ 15 ನಿಮಿಷ ಮುಂಚೆ. ಇದು ನಾನು ಹೇಳುತ್ತಿರುವುದಲ್ಲ, ಕೋರ್ಟ್ ಸಾಕ್ಷ್ಯ ನೋಡಿ ದಾಖಲಿಸಿದ್ದು. ಶಾಲೆ ಶುರುವಾಗುವ ಹೊತ್ತಿನ ಮಾರಾಟದ ಕಾಲ ಐಬಿಎಂ ಕೈತಪ್ಪಿತು. ವಿಂಡೋಸ್‌ಗೆ ಐಬಿಎಂ ಕಟ್ಟುತ್ತಿದ್ದ ಬೆಲೆ ಕಾಂಪ್ಯಾಕ್‌ಗಿಂತ ಜಾಸ್ತಿಯಾಗಿತ್ತು ಅಂತಲೂ ಅದೇ ದಾಖಲೆ ಹೇಳುತ್ತದೆ. ಒಂದು ಕಾಲಕ್ಕೆ ಇಡೀ ಉದ್ಯಮವನ್ನು ಮುಷ್ಟಿಯಲ್ಲಿ ಹಿಡಿದಿದ್ದ ಐಬಿಎಂಗೇ ಈ ಗತಿಯಾದರೆ ಸಣ್ಣ ತಯಾರಕರು ಬಾಯಿ ತೆರೆಯುವುದುಂಟೇ?

ನೆಟ್‌ಸ್ಕೇಪ್ ಅನ್ನುವ ಕಂಪನಿಯ ಬ್ರೌಸರನ್ನು ಮೈಕ್ರೋಸಾಫ್ಟ್ ಹಿಂದಕ್ಕೆ ತಳ್ಳಿದ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಹಾಗಾಗಿ ಅದರ ಒಳಗಿನ ತರ್ಕವನ್ನಷ್ಟೇ ಹೇಳುತ್ತೇನೆ. ಬ್ರೌಸರ್ ಪುಕ್ಕಟೆ ವಸ್ತು. ಅದಕ್ಕಾಗಿ ಮೈಕ್ರೋಸಾಫ್ಟ್ ಅಷ್ಟು ಹೋರಾಡಿದ್ದು ಯಾಕೆ? ವಿಂಡೋಸ್‌ನ ಬಲ ಇದ್ದದ್ದು ಅದಕ್ಕಾಗಿ ಬರೆದ ಸಾವಿರಾರು ಪ್ರೋಗ್ರಾಂಗಳಲ್ಲಿ. ಬಳಕೆದಾರರು ಅಲ್ಲಿದ್ದಾರೆ ಅಂತ ಪ್ರೋಗ್ರಾಮರ್‌ಗಳು ಅಲ್ಲಿಗೆ ಬರೆಯುತ್ತಾರೆ, ಪ್ರೋಗ್ರಾಂಗಳು ಅಲ್ಲಿವೆ ಅಂತ ಬಳಕೆದಾರರು ಅಲ್ಲಿಗೆ ಹೋಗುತ್ತಾರೆ. ಹೊಸ ಆಪರೇಟಿಂಗ್ ಸಿಸ್ಟಂ ಎಷ್ಟೇ ಚೆನ್ನಾಗಿದ್ದರೂ ಈ ಸುತ್ತಿನೊಳಗೆ ನುಗ್ಗಲು ಆಗುವುದಿಲ್ಲ. ಆದರೆ ಪ್ರೋಗ್ರಾಂಗಳನ್ನು ಬ್ರೌಸರ್‌ಗಾಗಿ, ಇಲ್ಲವೇ ಯಾವ ಯಂತ್ರದಲ್ಲಾದರೂ ಓಡಬಲ್ಲ ಜಾವಾ ಭಾಷೆಯಲ್ಲಿ ಬರೆಯತೊಡಗಿದರೆ? ಕೆಳಗೆ ಯಾವ ಆಪರೇಟಿಂಗ್ ಸಿಸ್ಟಂ ಇದ್ದರೇನು ಅನ್ನುವ ಸ್ಥಿತಿ ಬರುತ್ತದೆ. ಸೇರುವ ಜಾಗ ವಿಂಡೋಸ್‌ನ ಕೈಬಿಟ್ಟು ಹೋಗುತ್ತದೆ. ಭಯ ಅದು.

ಹಾಗಾಗಿ ತಯಾರಕರು ಮೈಕ್ರೋಸಾಫ್ಟ್‌ನ ಸ್ವಂತ ಬ್ರೌಸರ್ ಆದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಐಕಾನ್ ತೆಗೆಯುವಂತಿಲ್ಲ ಅನ್ನುವ ಶರತ್ತು ಬಂತು. 1996ರಲ್ಲಿ ಕಾಂಪ್ಯಾಕ್ ತನ್ನ ಪ್ರೆಸಾರಿಯೊ ಯಂತ್ರಗಳಿಂದ ಅದನ್ನು ತೆಗೆದಾಗ, ವಿಂಡೋಸ್ ಲೈಸೆನ್ಸನ್ನೇ ರದ್ದು ಮಾಡುತ್ತೇವೆ ಅಂತ ಪತ್ರ ಬಂತು. ಕಾಂಪ್ಯಾಕ್ ಐಕಾನ್ ವಾಪಸ್ ಹಾಕಿತು. ಆ್ಯಪಲ್‌ಗೆ ಅದರ ಮ್ಯಾಕ್ ಕಂಪ್ಯೂಟರ್‌ಗಾಗಿ ಮಾಡುತ್ತಿದ್ದ ಆಫೀಸ್ ಸಾಫ್ಟ್‌ವೇರ್ ನಿಲ್ಲಿಸುವ ಬೆದರಿಕೆ ಹೋಯಿತು. 1998ರ ಮೇ ತಿಂಗಳಲ್ಲಿ ಸರ್ಕಾರ ಮತ್ತು 20 ರಾಜ್ಯಗಳು ಕೇಸ್ ಹಾಕಿದವು. 2000ದ ಜೂನ್‌ನಲ್ಲಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಕಂಪನಿಯನ್ನು ಎರಡಾಗಿ ಒಡೆಯಲು ಆದೇಶಿಸಿದರು. 2001ರಲ್ಲಿ ಮೇಲಿನ ಕೋರ್ಟ್ ಒಡೆಯುವ ಆದೇಶವನ್ನು ತೆಗೆದುಹಾಕಿತು. ಕೇಸ್ ನಡೆಯುತ್ತಿರುವಾಗಲೇ ಜಾಕ್ಸನ್ ಪತ್ರಕರ್ತರ ಜೊತೆ ಮಾತಾಡಿದ್ದರು, ಅದಕ್ಕೆ ಅವರನ್ನು ಕೇಸಿನಿಂದಲೂ ತೆಗೆಯಿತು. ಆದರೆ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಯ್ದುಕೊಂಡದ್ದು ನಿಜ ಅಂತ ಏಳೂ ನ್ಯಾಯಾಧೀಶರು ಒಪ್ಪಿದರು. ಅಷ್ಟರಲ್ಲಿ ನೆಟ್‌ಸ್ಕೇಪ್ ಸ್ವತಂತ್ರ ಕಂಪನಿಯಾಗಿ ಉಳಿದಿರಲಿಲ್ಲ, ಎಒಎಲ್ ಅನ್ನುವ ಇಂಟರ್‌ನೆಟ್ ಕಂಪನಿ ಕೊಂಡುಕೊಂಡು ಎರಡು ವರ್ಷವಾಗಿತ್ತು.

ಯುರೋಪ್‌ನಲ್ಲಿ ನಡೆದದ್ದು ನನಗೆ ಇದಕ್ಕಿಂತ ಇಷ್ಟವಾಗುವ ಅಧ್ಯಾಯ. ಅಲ್ಲಿ ಮೈಕ್ರೋಸಾಫ್ಟ್‌ಗೆ ಬಿದ್ದ ದಂಡಗಳ ಸುದ್ದಿ ಎಲ್ಲರೂ ಓದಿದ್ದಾರೆ: 2004ರಲ್ಲಿ 49.7 ಕೋಟಿ ಯೂರೊ, ಆಮೇಲೆ ಇನ್ನೂ ಕೆಲವು. ನನಗೆ ದಂಡಕ್ಕಿಂತ ಆ ಆದೇಶದ ಇನ್ನೊಂದು ಭಾಗ ಮುಖ್ಯ. ಕಚೇರಿಯ ನೆಟ್‌ವರ್ಕ್‌ನಲ್ಲಿ ವಿಂಡೋಸ್ ಯಂತ್ರಗಳು ಸರ್ವರ್ ಜೊತೆ ಮಾತಾಡುವ ನಿಯಮಗಳ, ಅಂದರೆ ಪ್ರೊಟೊಕಾಲ್‌ಗಳ, ಪೂರ್ತಿ ವಿವರ ಮೈಕ್ರೋಸಾಫ್ಟ್ ಕೈಯಲ್ಲೇ ಇತ್ತು. ಬೇರೆಯವರ ಸರ್ವರ್ ಎಷ್ಟೇ ಚೆನ್ನಾಗಿದ್ದರೂ ವಿಂಡೋಸ್ ಯಂತ್ರಗಳ ಜೊತೆ ಅದರ ಮಾತು ಅರೆಬರೆ. ಸಾಂಬಾ ಅನ್ನುವ ಮುಕ್ತ ಸಾಫ್ಟ್‌ವೇರ್ ಇದೆ, ಆಸ್ಟ್ರೇಲಿಯಾದ ಆ್ಯಂಡ್ರೂ ಟ್ರಿಜೆಲ್ ಶುರು ಮಾಡಿದ್ದು. ಲಿನಕ್ಸ್, ಯುನಿಕ್ಸ್ ಯಂತ್ರಗಳು ವಿಂಡೋಸ್ ಜೊತೆ ಫೈಲ್, ಪ್ರಿಂಟರ್ ಹಂಚಿಕೊಳ್ಳುವುದು ಅದರಿಂದ. ಅದನ್ನು ಬರೆದವರು ವರ್ಷಗಟ್ಟಲೆ ಮಾಡಿದ್ದು ತಂತಿಯ ಮೇಲೆ ಹೋಗುವ ಪ್ಯಾಕೆಟ್‌ಗಳನ್ನು ಹಿಡಿದು ನೋಡುವ ಕೆಲಸ. ಒಂದು ಬೈಟ್ ಬದಲಿಸಿ ಕಳಿಸು, ಆ ಕಡೆಯಿಂದ ಏನು ಉತ್ತರ ಬರುತ್ತದೆ ನೋಡು, ಬರೆದಿಟ್ಟುಕೋ. ಮತ್ತೆ ಬದಲಿಸು. ಯಾರೋ ಕಾಗದದಲ್ಲಿ ಬರೆದುಕೊಟ್ಟರೆ ಒಂದು ದಿನದಲ್ಲಿ ಓದಿ ಮುಗಿಸಬಹುದಾದದ್ದನ್ನು ಹೀಗೆ ಕತ್ತಲಲ್ಲಿ ತಡಕಿ ಕಂಡುಕೊಳ್ಳಬೇಕಿತ್ತು.

ಆ ವಿವರಗಳನ್ನು ಬೇರೆಯವರಿಗೂ ಕೊಡಬೇಕು ಅನ್ನುವ ಆದೇಶವನ್ನು 2007ರ ಸೆಪ್ಟೆಂಬರ್‌ನಲ್ಲಿ ಯುರೋಪ್‌ನ ಕೋರ್ಟ್ ಎತ್ತಿಹಿಡಿಯಿತು. ಡಿಸೆಂಬರ್‌ನಲ್ಲಿ ಸಾಂಬಾದವರಿಗೆ ಪ್ರೊಟೊಕಾಲ್ ದಾಖಲೆಗಳು ಸಿಕ್ಕವು. ಅದಕ್ಕೆ ಕಟ್ಟಿದ ಶುಲ್ಕ 10,000 ಯೂರೊ, ಒಂದೇ ಸಲ. ಕೋಟಿಗಟ್ಟಲೆ ದಂಡ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಅಷ್ಟೇ. ಆ ದಾಖಲೆಗಳು ಮಾತ್ರ ಪ್ರತಿಸ್ಪರ್ಧಿಗಳ ಕೈಗೆ ನಿಜವಾದ ಅವಕಾಶ ಕೊಟ್ಟವು. ಇವತ್ತಿನ ನನ್ನ ಮಾತಿನಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ ಅಂತ ಕೇಳುತ್ತೇನೆ: ದಂಡ ಎಷ್ಟು ಅಂತ ನೋಡುವ ಮೊದಲು, ಸೇರುವ ಜಾಗ ತೆರೆಯಿತಾ ಅಂತ ನೋಡಿ.

ಚಿಪ್‌ಗಳ ಕಡೆ ಬಂದರೆ ಅಲ್ಲಿ ರಿಯಾಯಿತಿಯೇ ಆಯುಧ. ಇಂಟೆಲ್ ತಯಾರಕರಿಗೆ ಕೊಡುತ್ತಿದ್ದ ರಿಯಾಯಿತಿಗೆ ಶರತ್ತುಗಳಿದ್ದವು ಅಂತ ಯುರೋಪಿಯನ್ ಕಮಿಷನ್ 2009ರಲ್ಲಿ ಹೇಳಿತು. ಎಚ್‌ಪಿ ತನ್ನ ಕಚೇರಿ ಬಳಕೆಯ ಡೆಸ್ಕ್‌ಟಾಪ್‌ಗಳಿಗೆ ಶೇಕಡ 95ರಷ್ಟು ಚಿಪ್ ಇಂಟೆಲ್‌ನಿಂದಲೇ ಕೊಳ್ಳಬೇಕು, ಎನ್‌ಇಸಿ ಶೇಕಡ 80ರಷ್ಟು, ಹೀಗೆ. ಆ ತನಿಖೆಯಲ್ಲಿ ಹೊರಬಂದ ಒಂದು ಸಂಗತಿ ನನ್ನನ್ನು ಇನ್ನೂ ಕಾಡುತ್ತದೆ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಒಂದು ತಯಾರಕ ಕಂಪನಿಗೆ 10 ಲಕ್ಷ ಪ್ರೊಸೆಸರ್‌ಗಳನ್ನು ಪುಕ್ಕಟೆ ಕೊಡಲು ಮುಂದೆ ಬಂತು. ಕಂಪನಿ ತೆಗೆದುಕೊಂಡದ್ದು 1.6 ಲಕ್ಷ ಮಾತ್ರ. ಪೂರ್ತಿ ತೆಗೆದುಕೊಂಡರೆ ಇಂಟೆಲ್‌ನಿಂದ ಕೊಳ್ಳುವ ಉಳಿದ ಲಕ್ಷಾಂತರ ಚಿಪ್‌ಗಳ ಮೇಲಿನ ರಿಯಾಯಿತಿ ಕೈಬಿಡುತ್ತಿತ್ತು. ಪುಕ್ಕಟೆ ಕೊಟ್ಟರೂ ಬೇಡ ಅನ್ನುವ ಸ್ಥಿತಿ ಇದ್ದರೆ ಅದನ್ನು ಪೈಪೋಟಿ ಅಂತ ಹೇಗೆ ಕರೆಯುವುದು?

ಆದರೆ ಪೂರ್ತಿ ಕಥೆ ಹೇಳಬೇಕು. 106 ಕೋಟಿ ಯೂರೊಗಳ ಆ ದಂಡವನ್ನು 2022ರಲ್ಲಿ ಯುರೋಪ್‌ನ ಕೋರ್ಟ್ ರದ್ದು ಮಾಡಿತು. ರಿಯಾಯಿತಿಗಳು ಸ್ಪರ್ಧೆಯನ್ನು ನಿಜಕ್ಕೂ ಕುಗ್ಗಿಸುವಂತಿದ್ದವು ಅಂತ ತೋರಿಸಲು ಕಮಿಷನ್ ಮಾಡಿದ ಆರ್ಥಿಕ ಲೆಕ್ಕ ಸಾಲದು ಅಂದಿತು. ಎಎಂಡಿ ಚಿಪ್ ಇರುವ ಯಂತ್ರಗಳ ಬಿಡುಗಡೆಯನ್ನು ತಡಮಾಡಲು ತಯಾರಕರಿಗೆ ದುಡ್ಡು ಕೊಟ್ಟ ಭಾಗ ಮಾತ್ರ ಉಳಿಯಿತು. ಅದಕ್ಕೆ 2023ರಲ್ಲಿ 37.6 ಕೋಟಿ ಯೂರೊ ದಂಡ ಹಾಕಿದರು. ಎಎಂಡಿಗೆ ಇಂಟೆಲ್ 2009ರಲ್ಲೇ 125 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತ್ತು. ರಿಯಾಯಿತಿ ಕೇಸ್‌ಗಳು ಯಾವಾಗಲೂ ಕಷ್ಟ. ಕಡಿಮೆ ಬೆಲೆ ಗ್ರಾಹಕನಿಗೆ ಒಳ್ಳೆಯದೇ ತಾನೇ ಅನ್ನುವ ಪ್ರಶ್ನೆ ಪ್ರತಿ ಸಲ ಎದುರು ನಿಲ್ಲುತ್ತದೆ.

ಮೆಮೊರಿ ಚಿಪ್, ಎಲ್‌ಸಿಡಿ ಪರದೆಗಳ ತಯಾರಕರು ಕೂಡಿಕೊಂಡು ಬೆಲೆ ನಿಗದಿ ಮಾಡಿದ ಪ್ರಕರಣಗಳೂ ಇವೆ. ಮೆಮೊರಿ ಕೇಸಿನಲ್ಲಿ ಸ್ಯಾಮ್‌ಸಂಗ್ 2005ರಲ್ಲಿ 30 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಅದು ನೇರ ಮೋಸ, ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಮುಂದೆ ಹೋಗುತ್ತೇನೆ.

ಈಗಿನ ಕಾಲದ ಕರಾರು ಡೀಫಾಲ್ಟ್‌ನದು, ಅಂದರೆ ಯಂತ್ರದಲ್ಲಿ ಮೊದಲೇ ಹಾಕಿಟ್ಟ ಆಯ್ಕೆಯದು. ಹೊಸ ಫೋನ್ ತೆಗೆದು ಬ್ರೌಸರ್‌ನಲ್ಲಿ ಏನೋ ಟೈಪ್ ಮಾಡುತ್ತೀರಿ. ಹುಡುಕಾಟ ಯಾರ ಬಳಿ ಹೋಗುತ್ತದೆ? ಅದನ್ನು ನೀವು ಆರಿಸಿಲ್ಲ, ಬದಲಿಸಬಹುದು ಅಂತ ಗೊತ್ತಿದ್ದರೂ ಹೆಚ್ಚಿನವರು ಬದಲಿಸುವುದಿಲ್ಲ. ಆ ಜಾಗಕ್ಕಾಗಿ ಗೂಗಲ್ 2021ರಲ್ಲಿ ಆ್ಯಪಲ್, ಸ್ಯಾಮ್‌ಸಂಗ್, ಮೊಜಿಲ್ಲಾ ಮತ್ತಿತರರಿಗೆ ಕೊಟ್ಟ ದುಡ್ಡು 2,600 ಕೋಟಿ ಡಾಲರ್‌ಗೂ ಜಾಸ್ತಿ. 2022ರಲ್ಲಿ ಆ್ಯಪಲ್ ಒಂದಕ್ಕೇ ಸುಮಾರು 2,000 ಕೋಟಿ ಡಾಲರ್. ಗೂಗಲ್ ಹುಡುಕಾಟ ಚೆನ್ನಾಗಿದೆ ಅಂತ ನಾನೂ ಒಪ್ಪುತ್ತೇನೆ. ಆದರೆ ಅಷ್ಟು ಚೆನ್ನಾಗಿದ್ದರೆ ಜನ ತಾವಾಗಿಯೇ ಬರುತ್ತಿರಲಿಲ್ಲವೇ, ಇಷ್ಟು ದುಡ್ಡು ಕೊಡುವುದೇಕೆ? ಹುಡುಕಾಟಗಳು ಹೆಚ್ಚು ಬಂದಷ್ಟೂ ಹುಡುಕುವ ಯಂತ್ರ ಕಲಿಯುತ್ತದೆ. ಪ್ರತಿಸ್ಪರ್ಧಿಗೆ ಹುಡುಕಾಟಗಳೇ ಬರದಿದ್ದರೆ ಅವನು ಕಲಿಯುವುದು ಯಾವಾಗ? 2024ರ ಆಗಸ್ಟ್ 5ರಂದು ನ್ಯಾಯಾಧೀಶ ಅಮಿತ್ ಮೆಹ್ತಾ ಗೂಗಲ್ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಯ್ದುಕೊಂಡಿದೆ ಅಂತ ತೀರ್ಪು ಕೊಟ್ಟರು. ಆಂಡ್ರಾಯ್ಡ್ ಕರಾರುಗಳ ಬಗ್ಗೆ ಯುರೋಪ್ 2018ರಲ್ಲಿ 434 ಕೋಟಿ ಯೂರೊ, ಭಾರತದ ಸ್ಪರ್ಧಾ ಆಯೋಗ 2022ರಲ್ಲಿ ₹1,337.76 ಕೋಟಿ ದಂಡ ಹಾಕಿದ್ದವು. ಅಲ್ಲೂ ಮೂಲ ಪ್ರಶ್ನೆ ಅದೇ: ಪ್ಲೇ ಸ್ಟೋರ್ ಬೇಕಾದ ತಯಾರಕ ಜೊತೆಗೆ ಇನ್ನೇನೇನು ಹಾಕಿಕೊಳ್ಳಬೇಕು?

ಮಾತು ಮುಗಿದ ಮೇಲೆ ಹಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಮೊದಲನೆಯದು: "ಸರ್ಕಾರ ಏನೂ ಮಾಡದಿದ್ದರೂ ತಂತ್ರಜ್ಞಾನವೇ ಎಲ್ಲರನ್ನೂ ಇಳಿಸುತ್ತದಲ್ಲ? ಐಬಿಎಂ ಹೋಯಿತು, ಮೈಕ್ರೋಸಾಫ್ಟ್ ಕೂಡ ಮೊಬೈಲ್‌ನಲ್ಲಿ ಸೋತಿತು." ಇದು ಗಟ್ಟಿ ಪ್ರಶ್ನೆ. ಐಬಿಎಂ ಬಲ ಕುಂದಲು ಪಿಸಿಯೇ ದೊಡ್ಡ ಕಾರಣ, ಕೋರ್ಟಲ್ಲ. ಆದರೆ ಹೊಸ ತಂತ್ರಜ್ಞಾನ ಒಳಗೆ ಬರಲು ಸೇರುವ ಜಾಗ ತೆರೆದಿರಬೇಕು. ಕೇಸ್ ನಡೆದು ಮೈಕ್ರೋಸಾಫ್ಟ್‌ನ ಕೈ ಕಟ್ಟಿದ್ದ ವರ್ಷಗಳಲ್ಲೇ ಗೂಗಲ್ ಬೆಳೆಯಿತು. ವಿಂಡೋಸ್ ಕೈಯಲ್ಲಿರುವವರು ಬ್ರೌಸರ್‌ನಲ್ಲಿ ಬೇರೆಯವರ ಹುಡುಕಾಟವನ್ನು ತಡೆಯಲು ಮನಸ್ಸು ಮಾಡಿದ್ದರೆ ಏನಾಗುತ್ತಿತ್ತು ಅಂತ ಯಾರೂ ಖಚಿತವಾಗಿ ಹೇಳಲಾರರು. ಆದರೆ ನೆಟ್‌ಸ್ಕೇಪ್‌ಗೆ ಮಾಡಿದ್ದನ್ನು ಮತ್ತೊಮ್ಮೆ ಮಾಡುವ ಧೈರ್ಯ ಆ ಹೊತ್ತಿನಲ್ಲಿ ಇರಲಿಲ್ಲ ಅಂತ ನಾನು ನಂಬುತ್ತೇನೆ. ಕಾಯುವುದಕ್ಕೂ ಬೆಲೆಯಿದೆ. ಡಿಆರ್-ಡಾಸ್, ನೆಟ್‌ಸ್ಕೇಪ್‌ಗಳಲ್ಲಿ ಕೆಲಸ ಮಾಡಿದವರ ದುಡಿಮೆಯನ್ನು ಯಾವ ತೀರ್ಪೂ ವಾಪಸ್ ತರಲಿಲ್ಲ.

ಎರಡನೆಯದು ಎಐ ಬಗ್ಗೆ. ಎನ್‌ವಿಡಿಯಾ ಚಿಪ್‌ಗಳು ಚೆನ್ನಾಗಿವೆ, ಅದಕ್ಕೇ ಎಲ್ಲರೂ ಕೊಳ್ಳುತ್ತಾರೆ, ಇದರಲ್ಲಿ ನೋಡಬೇಕಾದ್ದೇನು ಅಂತ ಒಬ್ಬರು ಕೇಳಿದರು. ಚಿಪ್ ಚೆನ್ನಾಗಿದೆ, ನಿಜ. ನಾನು ನೋಡುವುದು ಕ್ಯೂಡಾ ಕಡೆಗೆ. ಆ ಚಿಪ್‌ಗಳ ಮೇಲೆ ಪ್ರೋಗ್ರಾಂ ಬರೆಯುವ ಪದರ ಅದು. 2007ರಿಂದ ಬರೆದ ಅಪಾರ ಕೋಡ್ ಅದರ ಮೇಲೆ ಕೂತಿದೆ. ಬೇರೆ ಕಂಪನಿಯ ಚಿಪ್ ಮೇಲೆ ಅದೇ ಕೋಡ್ ಓಡಿಸಬೇಕಾದರೆ ಮಧ್ಯೆ ಅನುವಾದದ ಪದರವೊಂದು ಬೇಕು. ಕ್ಯೂಡಾ ಲೈಸೆನ್ಸ್‌ನಲ್ಲಿ, ಅದರ ಸಾಧನಗಳಿಂದ ಹೊರಬಂದ ಕೋಡನ್ನು ಬಿಚ್ಚಿ ಎನ್‌ವಿಡಿಯಾ ಅಲ್ಲದ ಯಂತ್ರಕ್ಕೆ ಅನುವಾದಿಸಬಾರದು ಅನ್ನುವ ಶರತ್ತಿದೆ. ಅದು ಕಾನೂನಿಗೆ ವಿರುದ್ಧ ಅಂತ ನಾನು ಹೇಳುತ್ತಿಲ್ಲ, ಅದನ್ನು ತೀರ್ಮಾನಿಸಬೇಕಾದವರು ಬೇರೆ. ಚಿಪ್‌ನ ವೇಗದ ಅಂಕಿಗಳನ್ನು ಓದುವ ನಮ್ಮ ಪತ್ರಕರ್ತರು, ವಿದ್ಯಾರ್ಥಿಗಳು ಆ ಲೈಸೆನ್ಸನ್ನೂ ಒಂದು ಸಲ ಪೂರ್ತಿ ಓದಲಿ ಅಂತ ಕೇಳಿಕೊಂಡೆ. ಅದು ಎಲ್ಲರಿಗೂ ತೆರೆದೇ ಇದೆ.